ಶಾಲೆಯ ಮಾಡಿನ ಮೇಲಿನ ಕಲ್ನಾರು: ಜಪಾನಿನಿಂದ ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಸಚಿವರು ಮತ್ತು
ಮಾನ್ಯ ಶಾಲಾ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು

ವಿಷಯ: ಸರ್ಕಾರಿ ಶಾಲೆಗಳ ಮಾಡಿಗೆ ಕಲ್ನಾರು (ಆಸ್ಬೆಸ್ಟಾಸ್) ಬೆರೆತ ಸಿಮೆಂಟ್ ಶೀಟು ಹಾಕುವುದನ್ನು ನಿಲ್ಲಿಸುವ ಬಗ್ಗೆ ಹಾಗೂ ಆ ಶೀಟು ಕತ್ತರಿಸುವ ಕೆಲಸಗಾರರ ಆರೋಗ್ಯದ ಬಗ್ಗೆ

ಮಾನ್ಯರೇ,

ನಾನು ಸಾಗರ ತಾಲ್ಲೂಕಿನವನು. ಉದ್ಯೋಗಕ್ಕೆಂದು ಜಪಾನಿಗೆ ಬಂದು, ಒಸಾಕಾದ ಪಕ್ಕದ ಹ್ಯೋಗೊ ಪ್ರಾಂತ್ಯದಲ್ಲಿ ಕಟ್ಟಡ ಕಾಮಗಾರಿಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದೇನೆ. ಹಳೆಯ ಕಟ್ಟಡ ಒಡೆಯುವುದು, ದುರಸ್ತಿ ಮಾಡುವುದು ನಮ್ಮ ಕೆಲಸದ ದೊಡ್ಡ ಪಾಲು. ಇಲ್ಲಿ ಹಳೆಯ ಮನೆಯೊಂದರ ಗೋಡೆಗೆ ಸುತ್ತಿಗೆ ತಾಗಿಸುವ ಮೊದಲು ಅದರ ಮಾಡು, ಒಳಮಾಡು, ನೆಲಹಾಸು, ಪೈಪಿನ ಹೊದಿಕೆ ಇವುಗಳಲ್ಲಿ ಎಲ್ಲಾದರೂ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆಯೇ ಎಂದು ಪರೀಕ್ಷೆಯಾಗಲೇಬೇಕು. 80 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ ಕೆಡವುವುದಾದರೆ, ಅಥವಾ ದುರಸ್ತಿಯ ಖರ್ಚು 10 ಲಕ್ಷ ಯೆನ್ ಮುಟ್ಟಿದರೆ, ಪರೀಕ್ಷೆಯ ಫಲಿತಾಂಶವನ್ನು ಸರ್ಕಾರಕ್ಕೆ ಮುಂಚಿತವಾಗಿ ತಿಳಿಸಬೇಕು. 2022ರ ಏಪ್ರಿಲ್‌ನಿಂದ ಇದು ಕಾನೂನು. 2023ರ ಅಕ್ಟೋಬರ್‌ನಿಂದ ಪರೀಕ್ಷೆ ಮಾಡುವವರಿಗೂ ತರಬೇತಿ, ಅರ್ಹತೆ ಕಡ್ಡಾಯವಾಗಿದೆ. ಫಲಿತಾಂಶವನ್ನು ರಸ್ತೆಯಲ್ಲಿ ಹೋಗುವವರಿಗೆ ಕಾಣುವ ಹಾಗೆ ಫಲಕದಲ್ಲಿ ಬರೆದು ತೂಗುಹಾಕುತ್ತೇವೆ: ಯಾವಾಗ ನೋಡಿದ್ದು, ಯಾರು ನೋಡಿದ್ದು, ಯಾವ ಭಾಗದಲ್ಲಿ ಕಲ್ನಾರು ಸಿಕ್ಕಿತು, ಅದನ್ನು ಹೇಗೆ ತೆಗೆಯುತ್ತೇವೆ. ಪಕ್ಕದ ಮನೆಯ ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ನಿಂತು ಅದನ್ನು ಓದುತ್ತಾಳೆ. ಅನುಮಾನವಿದ್ದರೆ ನಮ್ಮನ್ನು ಕರೆದು ಕೇಳುತ್ತಾಳೆ. ಉತ್ತರ ಹೇಳದೆ ಕೆಲಸ ಮುಂದುವರಿಸುವ ಹಾಗಿಲ್ಲ.

ಕಳೆದ ಬೇಸಿಗೆ ರಜೆಗೆ ಊರಿಗೆ ಬಂದಿದ್ದಾಗ, ನಮ್ಮ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮಾಡಿನ ದುರಸ್ತಿ ನಡೆಯುತ್ತಿತ್ತು. ಮಲೆನಾಡಿನ ಕಥೆ ತಮಗೆ ಗೊತ್ತಿರುವುದೇ. ಮಂಗನ ಕಾಟಕ್ಕೆ ಮಂಗಳೂರು ಹಂಚು ಉಳಿಯುವುದಿಲ್ಲ. ಪ್ರತಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ಆಳು ಸಿಗುವುದಿಲ್ಲ, ಸಿಕ್ಕರೂ ಆ ಕೂಲಿ ಶಾಲೆಗೆ ಪೂರೈಸುವುದಿಲ್ಲ. ಹಾಗಾಗಿ ರೀಪು, ಪಕಾಸಿ ಕಿತ್ತು, ಕಬ್ಬಿಣದ ಪೈಪು ಕೂರಿಸಿ, ಸಿಮೆಂಟ್ ಶೀಟು ಹೊದೆಸುತ್ತಿದ್ದರು. ಇಬ್ಬರು ಹುಡುಗರು ಅಂಗಳದಲ್ಲಿ ಶೀಟು ಮಲಗಿಸಿಕೊಂಡು ಗ್ರೈಂಡರ್‌ನಿಂದ ಒಣದಾಗಿಯೇ ಕೊಯ್ಯುತ್ತಿದ್ದರು. ಬೂದುಬಣ್ಣದ ಧೂಳು ಎದ್ದು ಬಾವಿಕಟ್ಟೆಯವರೆಗೆ ಹಬ್ಬಿತ್ತು. ಮೇಲೆ ಹತ್ತಿದವನು ಹುಕ್ ಬೋಲ್ಟ್ ಹಾಕಲು ಶೀಟಿಗೆ ಡ್ರಿಲ್ ಹೊಡೆಯುತ್ತಿದ್ದ. ಪ್ರತಿ ತೂತಿನ ಪುಡಿಯೂ ಅವನ ಮುಖದ ಮೇಲೇ ಬೀಳುತ್ತಿತ್ತು. ಮೂಗಿಗೆ ಒಂದು ಟವೆಲ್ಲು, ಅಷ್ಟೇ. ಬಿಸಿಯೂಟದ ಕೋಣೆಯ ಕಿಟಕಿ ತೆರೆದೇ ಇತ್ತು. ಸಂಜೆ ಅಡುಗೆಯ ಅಕ್ಕ ಪೊರಕೆ ಹಿಡಿದು ಜಗಲಿಯ ಧೂಳನ್ನೆಲ್ಲ ಗುಡಿಸಿ ಮೂಲೆಗೆ ತಳ್ಳಿದರು. ಒಡೆದ ತುಂಡುಗಳನ್ನು ಗೇಟಿನ ಬಳಿ ಕೆಸರಾಗುವ ಜಾಗಕ್ಕೆ ಹಾಸಿದರು, ಮಕ್ಕಳು ತುಳಿದು ಓಡಾಡಲಿ ಎಂದು.

ಗ್ರೈಂಡರ್ ಹಿಡಿದ ಹುಡುಗನಿಗೆ, ತಮ್ಮಾ, ಇದರ ಧೂಳು ಒಳ್ಳೆಯದಲ್ಲ, ನೀರು ಹಾಕಿಕೊಂಡಾದರೂ ಕೊಯ್ಯಿ ಎಂದೆ. "ಸಿಮೆಂಟ್ ಧೂಳಲ್ವಾ ಸರ್, ಮೈ ತೊಳ್ಕೊಂಡ್ರೆ ಹೋಗುತ್ತೆ" ಎಂದ. ಅವನನ್ನು ದೂರುವುದು ಹೇಗೆ? ಆ ಶೀಟಿನ ಮೇಲೆ ಕನ್ನಡದಲ್ಲಿ ಒಂದಕ್ಷರದ ಎಚ್ಚರಿಕೆಯೂ ಇರಲಿಲ್ಲ. ಮುಖ್ಯೋಪಾಧ್ಯಾಯರನ್ನು ಕೇಳಿದರೆ, ಮಂಜೂರಾದ ದುಡ್ಡಿನಲ್ಲಿ ಇದೇ ಬರುವುದು, ಬೇರೆ ಯಾವುದು ಇದೆ ಹೇಳಿ ಎಂದು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದ ಜಾಗ ಶಾಲೆಯಲ್ಲ, ತಮ್ಮ ಕಚೇರಿಗಳು. ಅದಕ್ಕೇ ಈ ಪತ್ರ.

ಜಪಾನಿನ ಕೈಗಾರಿಕಾ ವಿಷದ ಚರಿತ್ರೆ ಎಂದರೆ ನಮ್ಮಲ್ಲಿ ಅನೇಕರಿಗೆ ಮಿನಮಾಟಾ ಹೆಸರು ನೆನಪಾಗುತ್ತದೆ: ಪಾದರಸ, ಮೀನು, ಸೊಟ್ಟಗಾದ ಕೈಬೆರಳು. ಅದು ಕಣ್ಣಿಗೆ ಕಾಣುವಂಥ ದುರಂತವಾಗಿತ್ತು. ಕಲ್ನಾರಿನದು ಹಾಗಲ್ಲದ್ದರಿಂದ ಪಠ್ಯಪುಸ್ತಕದವರೆಗೆ ಬರಲೇ ಇಲ್ಲ. ಧೂಳು ಕುಡಿದವನಿಗೆ ಅಂದು ಏನೂ ಆಗುವುದಿಲ್ಲ, ಮರುವರ್ಷವೂ ಆಗುವುದಿಲ್ಲ. ಕಲ್ನಾರಿನ ಎಳೆಯನ್ನು ಬಾಳೆಪಟ್ಟೆಯಿಂದ ನಾರು ಸೀಳಿದ ಹಾಗೆ ಉದ್ದಕ್ಕೆ ಸೀಳುತ್ತ ಹೋಗಬಹುದು. ಕೊನೆಗೆ ಉಳಿಯುವ ಎಳೆ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಉಸಿರಿನೊಡನೆ ಶ್ವಾಸಕೋಶದ ತಳಕ್ಕಿಳಿದರೆ ಅದು ಕರಗುವುದಿಲ್ಲ, ದೇಹಕ್ಕೆ ಅದನ್ನು ಅರಗಿಸಿಕೊಳ್ಳಲೂ ಆಗುವುದಿಲ್ಲ. ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶ ಗಟ್ಟಿಯಾಗುತ್ತ ಬರುತ್ತದೆ, ಅದು ಆಸ್ಬೆಸ್ಟೋಸಿಸ್. ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ಮೀಸೋಥೀಲಿಯೋಮಾ ಎಂಬ, ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರಂತೂ ಸ್ವಲ್ಪ ಕಾಲದ ಧೂಳಿಗೂ ಬರಬಹುದು. ಬರುವುದು ಸಾಮಾನ್ಯವಾಗಿ 30, 40 ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಗುತ್ತಿಗೆದಾರ ಇರುವುದಿಲ್ಲ, ಬಿಲ್ಲಿಗೆ ಸಹಿ ಹಾಕಿದ ಅಧಿಕಾರಿ ನಿವೃತ್ತರಾಗಿರುತ್ತಾರೆ, ರೋಗಿಗೂ ಆ ಶಾಲೆಯ ಅಂಗಳ ಮರೆತಿರುತ್ತದೆ. ಬೀಡಿ ಸೇದುತ್ತಿದ್ದ, ಅದಕ್ಕೇ ಬಂತು ಎನ್ನುತ್ತಾರೆ. ಇಲ್ಲವೇ ಟಿಬಿ ಎಂದು ಮಾತ್ರೆ ನುಂಗಿಸುತ್ತಾರೆ.

ಒಸಾಕಾದ ದಕ್ಷಿಣಕ್ಕೆ ಸೆನ್ನಾನ್ ಎಂಬ ಊರಿದೆ. ಇಪ್ಪತ್ತನೇ ಶತಮಾನದ ಆರಂಭದಿಂದಲೂ ಅಲ್ಲಿ ಕಲ್ನಾರನ್ನು ನೂತು, ನೇಯ್ದು ಬಟ್ಟೆ ಮಾಡುವ ಸಣ್ಣ ಸಣ್ಣ ಕಾರ್ಖಾನೆಗಳಿದ್ದವು. ಮನೆಗೆ ಅಂಟಿಕೊಂಡ ಶೆಡ್ಡು, ಒಂದೆರಡು ಯಂತ್ರ, ಹೆಂಗಸರೇ ಹೆಚ್ಚು. ಕೊರಿಯಾದಿಂದ ಬಂದು ನೆಲೆಸಿದವರು, ಬೇರೆಲ್ಲೂ ಕೆಲಸ ಸಿಗದವರು ಅಲ್ಲಿ ಸೇರುತ್ತಿದ್ದರು. ಎಳೆಯ ಮಕ್ಕಳನ್ನು ಬಿಟ್ಟುಬರಲು ಜಾಗವಿಲ್ಲದೆ ಯಂತ್ರದ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದ ತಾಯಂದಿರಿದ್ದರು. 1937ರಿಂದ 1940ರ ನಡುವೆ ಸರ್ಕಾರದ ವಿಮಾ ಇಲಾಖೆಯ ವೈದ್ಯರೇ ಅಲ್ಲಿಗೆ ಹೋಗಿ ಸುಮಾರು 650 ಕಾರ್ಮಿಕರ ಸಮೀಕ್ಷೆ ನಡೆಸಿದರು. ನೂರಕ್ಕೆ 12 ಮಂದಿಯಲ್ಲಿ ಆಸ್ಬೆಸ್ಟೋಸಿಸ್ ಇತ್ತು, ಅಥವಾ ಅದರ ಗುರುತಿತ್ತು. ತುರ್ತಾಗಿ ಕ್ರಮ ಬೇಕೆಂದು ವರದಿಯೂ ಆಯಿತು. ಧೂಳನ್ನು ಯಂತ್ರದ ಬುಡದಲ್ಲೇ ಹೀರಿ ಹೊರಹಾಕುವ ಫ್ಯಾನು, ಕೊಳವೆ ಅಳವಡಿಸುವುದನ್ನು ಕಡ್ಡಾಯ ಮಾಡುವ ನಿಯಮ ಬಂದದ್ದು ಯಾವಾಗ ಗೊತ್ತೇ? 1971ರಲ್ಲಿ.

ಈ ಮಧ್ಯೆ ಯುದ್ಧ ಸೋತು, ದೇಶ ಎದ್ದು ನಿಲ್ಲುತ್ತಿತ್ತು. ಎಲ್ಲೆಲ್ಲೂ ಕಟ್ಟಡ. ಬೆಂಕಿಗೆ ಜಗ್ಗದ ಸಾಮಗ್ರಿ ಎಂದು ಸರ್ಕಾರವೇ ಕಲ್ನಾರಿನ ಉತ್ಪನ್ನಗಳಿಗೆ ಮನ್ನಣೆ ಕೊಟ್ಟಿತು. 1974ರಲ್ಲಿ ಒಂದೇ ವರ್ಷ ಸುಮಾರು ಮೂರೂವರೆ ಲಕ್ಷ ಟನ್ ಆಮದಾಯಿತು. ಒಟ್ಟಾರೆ ಜಪಾನ್ ತರಿಸಿಕೊಂಡದ್ದು ಕೋಟಿ ಟನ್ನಿನ ಹತ್ತಿರ.

ಸೆನ್ನಾನ್‌ನ ಕಾರ್ಮಿಕರು ಸರ್ಕಾರದ ಮೇಲೆಯೇ ದಾವೆ ಹೂಡಿದರು. 2014ರ ಅಕ್ಟೋಬರ್ 9ರಂದು ಜಪಾನಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: 1958ರ ಹೊತ್ತಿಗೆ ಅಪಾಯವೂ ಗೊತ್ತಿತ್ತು, ಧೂಳು ತಡೆಯುವ ತಂತ್ರವೂ ಇತ್ತು, ನಿಯಮ ಮಾಡುವ ಅಧಿಕಾರವೂ ಕೈಯಲ್ಲಿತ್ತು, ಅದನ್ನು 1971ರವರೆಗೆ ಬಳಸದೇ ಇದ್ದದ್ದು ಕಾನೂನುಬಾಹಿರ, ಪರಿಹಾರ ಸರ್ಕಾರವೇ ಕೊಡಬೇಕು. ಸಚಿವರು ಕ್ಷಮೆ ಕೇಳಿದರು. ಕೇಳಿಸಿಕೊಳ್ಳಬೇಕಾದವರಲ್ಲಿ ಎಷ್ಟೋ ಮಂದಿ ಆಗಲೇ ತೀರಿಕೊಂಡಿದ್ದರು. ಮಾನ್ಯ ಸಚಿವರೇ, ಈ ತೀರ್ಪಿನ ತಿರುಳನ್ನು ದಯವಿಟ್ಟು ಗಮನಿಸಿ. ಅಪಾಯಕಾರಿ ವಸ್ತು ಮಾರಿದ್ದಕ್ಕೆ ಸಿಕ್ಕ ಶಿಕ್ಷೆ ಇದಲ್ಲ. ಗೊತ್ತಿದ್ದೂ ನಿಯಮ ಮಾಡದೆ ಕೂತದ್ದಕ್ಕೆ ಒಂದು ಸರ್ಕಾರ ತೆತ್ತ ದಂಡ. ಇಂದು ಕರ್ನಾಟಕ ನಿಂತಿರುವುದು 1958ರ ಜಪಾನ್ ನಿಂತಿದ್ದ ಜಾಗದಲ್ಲಿ. ಗೊತ್ತಿಲ್ಲ ಎಂದು ನಾವು ಹೇಳುವಂತಿಲ್ಲ.

ಸೆನ್ನಾನ್‌ನದು ಕಾರ್ಖಾನೆಯ ಒಳಗಿನ ಕಥೆ. ಹೊರಗಿನ ಕಥೆಗೆ ಅಮಗಸಾಕಿಗೆ ಬರಬೇಕು, ನಾನಿರುವ ಪ್ರಾಂತ್ಯದ್ದೇ ಊರು. ಕುಬೊಟಾ ಕಂಪನಿಯ ಕಾರ್ಖಾನೆಯೊಂದು ಅಲ್ಲಿ 1950ರ ದಶಕದಿಂದ 1975ರವರೆಗೆ ಕಲ್ನಾರಿನಲ್ಲೇ ಒಂದು ಬಗೆಯಾದ ನೀಲಿ ಕಲ್ನಾರು ಬೆರೆಸಿ ನೀರಿನ ಸಿಮೆಂಟ್ ಪೈಪು ಮಾಡುತ್ತಿತ್ತು. (ಹೌದು, ನಮ್ಮ ಭತ್ತದ ಗದ್ದೆಗಳಲ್ಲಿ ಓಡಾಡುವ ಟ್ರ್ಯಾಕ್ಟರ್, ಕಟಾವು ಯಂತ್ರಗಳ ಮೇಲೆ ಕಾಣುವ ಅದೇ ಹೆಸರು.) ಪೈಪು ನಿಂತು 30 ವರ್ಷವಾದ ಮೇಲೆ, 2005ರ ಜೂನ್ 29ರ ಸಂಜೆಯ ಮೈನಿಚಿ ಪತ್ರಿಕೆಯಲ್ಲಿ ಸುದ್ದಿ ಬಂತು. ಆ ಕಂಪನಿಯಲ್ಲಿ ದುಡಿದವರ ಪೈಕಿ ಕಲ್ನಾರಿನ ರೋಗಕ್ಕೆ ಸತ್ತವರು ಎಪ್ಪತ್ತಕ್ಕೂ ಹೆಚ್ಚು. ಅದಕ್ಕಿಂತ ಜನರನ್ನು ಬೆಚ್ಚಿಬೀಳಿಸಿದ್ದು ಬೇರೆ: ಕಾರ್ಖಾನೆಯೊಳಗೆ ಒಂದು ದಿನವೂ ದುಡಿಯದ, ಅದರ ಹತ್ತಿರ ಬದುಕಿದ್ದ ಮೂವರಿಗೆ ಮೀಸೋಥೀಲಿಯೋಮಾ ಬಂದಿತ್ತು. ಕಂಪನಿ ಅವರಿಗೆ ತಲಾ 20 ಲಕ್ಷ ಯೆನ್ ಸಾಂತ್ವನದ ಹಣ ಕೊಡಲು ಮುಂದಾಗಿತ್ತು. ಆಮೇಲೆ ಒಬ್ಬೊಬ್ಬರಾಗಿ ನೂರಾರು ಜನ ಮುಂದೆ ಬಂದರು. ರೋಗಿಗಳು ಹಿಂದೆ ಇದ್ದ ಮನೆಗಳನ್ನು ಸಂಶೋಧಕರು ನಕ್ಷೆಯ ಮೇಲೆ ಗುರುತಿಸಿದಾಗ, ಕಾರ್ಖಾನೆಗೆ ಹತ್ತಿರವಾದಷ್ಟೂ ಸಾವು ಹೆಚ್ಚಾಗಿದ್ದುದು, ಗಾಳಿ ಬೀಸುವ ದಿಕ್ಕಿಗೆ ಅದು ದೂರದವರೆಗೂ ಚಾಚಿದ್ದುದು ಕಂಡುಬಂತು. 2006ರಲ್ಲಿ ಕಂಪನಿ ನಿವಾಸಿಗಳಿಗೆ 250ರಿಂದ 460 ಲಕ್ಷ ಯೆನ್‌ವರೆಗೆ ಪರಿಹಾರ ಕೊಡುವ ವ್ಯವಸ್ಥೆ ಮಾಡಬೇಕಾಯಿತು. ಹಾಗೆ ಪಡೆದವರು 300ಕ್ಕೂ ಹೆಚ್ಚು.

ಆ ಒಂದು ಸುದ್ದಿಯಿಂದ ದೇಶವೇ ಅಲುಗಾಡಿತು. ಎಂಟೇ ತಿಂಗಳಲ್ಲಿ ಸಂತ್ರಸ್ತರ ಪರಿಹಾರದ ಕಾನೂನು ಸಿದ್ಧವಾಗಿ 2006ರ ಮಾರ್ಚ್‌ನಿಂದ ಜಾರಿಗೆ ಬಂತು. ಕಾರ್ಮಿಕರ ವಿಮೆಗೆ ಒಳಪಡದವರು, ಅಂದರೆ ಅಕ್ಕಪಕ್ಕದ ನಿವಾಸಿಗಳು, ಗಂಡನ ಧೂಳಿನ ಬಟ್ಟೆ ಒಗೆದ ಹೆಂಡತಿಯರು, ಇಂಥವರಿಗೂ ಚಿಕಿತ್ಸೆಯ ಖರ್ಚು ಮತ್ತು ತಿಂಗಳಿಗೆ ಒಂದು ಲಕ್ಷ ಯೆನ್ನಿಗೆ ತುಸು ಮೇಲ್ಪಟ್ಟು ಭತ್ಯೆ. ಅದರ ಹಣ ಸರ್ಕಾರದ ಬೊಕ್ಕಸದ ಜೊತೆಗೆ ದೇಶದ ಉದ್ಯೋಗದಾತರೆಲ್ಲರ ವಂತಿಗೆಯಿಂದ ಬರುತ್ತದೆ. ಕಲ್ನಾರು ಮುಟ್ಟದ ಕಂಪನಿಯೂ ಕೊಡಬೇಕು, ಏಕೆಂದರೆ ಕಲ್ನಾರಿನ ಲಾಭ ಎಲ್ಲ ಉದ್ಯಮಗಳಿಗೂ ಸಿಕ್ಕಿದೆ. ಈ ಏರ್ಪಾಡು ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ.

ನಮ್ಮ ದೇಶದ ಶೀಟು ಉದ್ಯಮದವರು ಎತ್ತುವ ಆಕ್ಷೇಪ ಗೊತ್ತಿದೆ. ಅಮಗಸಾಕಿಯದು ನೀಲಿ ಕಲ್ನಾರು, ಭಾರತದ ಶೀಟಿನಲ್ಲಿರುವುದು ಬಿಳಿಯದು, ಕ್ರೈಸೊಟೈಲ್. ಅದೂ ಸಿಮೆಂಟಿನೊಳಗೆ ಗಟ್ಟಿಯಾಗಿ ಕೂತಿದೆ ಎನ್ನುತ್ತಾರೆ. ಅರ್ಧ ನಿಜ. ಮಾಡಿನ ಮೇಲೆ ಸುಮ್ಮನೆ ಕೂತಿರುವ, ಒಡಕಿಲ್ಲದ ಶೀಟಿನಿಂದ ಹೆಚ್ಚೇನೂ ಉದುರುವುದಿಲ್ಲ, ಅದರ ಕೆಳಗೆ ಮಲಗಿದವರು ನಾಳೆಯೇ ಗಾಬರಿ ಬೀಳಬೇಕಿಲ್ಲ. ಆದರೆ ಸೆನ್ನಾನ್‌ನಲ್ಲಿ ನೂತದ್ದು ಹೆಚ್ಚಾಗಿ ಈ ಬಿಳಿ ಕಲ್ನಾರನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಲ್ನಾರಿನ ಎಲ್ಲ ಬಗೆಗಳನ್ನೂ, ಬಿಳಿಯದನ್ನೂ ಸೇರಿಸಿ, ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿದೆ. ಇನ್ನು ಸಿಮೆಂಟಿನೊಳಗೆ ಕೂತಿದೆ ಎಂಬ ಮಾತು ಗ್ರೈಂಡರ್ ತಾಗುವವರೆಗೆ ಮಾತ್ರ.

ಎಚ್ಚರಿಕೆಯಿಂದ ಬಳಸಿದರೆ ಅಪಾಯವಿಲ್ಲ ಎಂದು ಜಪಾನೂ ಬಹುಕಾಲ ನಂಬಿತ್ತು. 1975ರಲ್ಲಿ ಗೋಡೆಗೆ ಸಿಂಪಡಿಸುವುದನ್ನು ತಡೆಯಿತು. 1995ರಲ್ಲಿ ನೀಲಿ ಮತ್ತು ಕಂದು ಕಲ್ನಾರು ನಿಷೇಧವಾಯಿತು. ಬಿಳಿಯದಿರುವ ಕಟ್ಟಡ ಸಾಮಗ್ರಿಗಳು ನಿಂತದ್ದು 2004ರಲ್ಲಿ, ಹೆಚ್ಚುಕಡಿಮೆ ಪೂರ್ತಿ ನಿಷೇಧ 2006ರಲ್ಲಿ, ಉಳಿದಿದ್ದ ವಿನಾಯಿತಿಗಳೂ ಹೋದದ್ದು 2012ರಲ್ಲಿ. ಜಪಾನಿನಷ್ಟು ಶಿಸ್ತಿನ ದೇಶದಲ್ಲಿ, ಕೆಲಸದ ಜಾಗದಲ್ಲಿ ಚಪ್ಪಲಿ ಎಲ್ಲಿ ಬಿಡಬೇಕೆಂದೂ ಗೆರೆ ಎಳೆದಿರುವ ದೇಶದಲ್ಲಿ, ಎಚ್ಚರಿಕೆಯ ಬಳಕೆ ಸಾಧ್ಯವಾಗಲಿಲ್ಲ. 1995ರಲ್ಲಿ ಮೀಸೋಥೀಲಿಯೋಮಾದಿಂದ ಸತ್ತವರು 500; ಈಚಿನ ವರ್ಷಗಳಲ್ಲಿ ಅದು ವರ್ಷಕ್ಕೆ 1,500ರ ಆಸುಪಾಸು. ನಿಷೇಧವಾದ ಮೇಲೆಯೂ ಸಾವು ಏರುತ್ತಲೇ ಹೋಯಿತು, ಏಕೆಂದರೆ ಇದು 1970ರ ದಶಕದ ಧೂಳಿನ ಲೆಕ್ಕ. ಕಲ್ನಾರು ಇರಬಹುದಾದ ಸುಮಾರು 28 ಲಕ್ಷ ಕಟ್ಟಡಗಳಿವೆ, ಕೆಡವುವ ಕೆಲಸ 2028ರ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ ಎಂಬುದು ಸರ್ಕಾರದ್ದೇ ಅಂದಾಜು. ನನ್ನ ಉದ್ಯೋಗ ಅದರಿಂದಲೇ ನಡೆಯುತ್ತಿದೆ ಎಂದರೂ ಸರಿ.

1995ರ ಜನವರಿ 17ರ ಬೆಳಗಿನ ಜಾವ ಕೋಬೆ ಭೂಕಂಪವಾದಾಗ ಬಿದ್ದ ಕಟ್ಟಡಗಳನ್ನು ಆದಷ್ಟು ಬೇಗ ತೆರವು ಮಾಡುವ ಅವಸರದಲ್ಲಿ ಧೂಳಿನ ಕಡೆ ಲಕ್ಷ್ಯವಿರಲಿಲ್ಲ. ಆ ಅವಶೇಷ ಎತ್ತುವ ಕೆಲಸವನ್ನು ಬರೀ ಕೆಲವು ತಿಂಗಳು ಮಾಡಿದವರಲ್ಲೂ ಮುಂದೆ ಮೀಸೋಥೀಲಿಯೋಮಾ ಕಾಣಿಸಿಕೊಂಡು, ಅದು ಉದ್ಯೋಗದಿಂದ ಬಂದದ್ದೆಂದು ಮಾನ್ಯವಾಗಿದೆ. ಕಾಕತಾಳೀಯವೆಂದರೆ, ಆ ಭೂಕಂಪವಾದ ಹತ್ತನೇ ದಿನ, 1995ರ ಜನವರಿ 27ರಂದು, ನಮ್ಮ ದೇಶದ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಮಹತ್ವದ ತೀರ್ಪು ಕೊಟ್ಟಿತ್ತು: ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ, ಅವನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಒಳ್ಳೆಯ ತೀರ್ಪು. ಆದರೆ ಅದರ ಫಲ ಮುಟ್ಟುವುದು ಹಾಜರಿ ಪುಸ್ತಕವಿರುವ ಕಾರ್ಖಾನೆಗೆ. ಶಾಲೆಯ ಅಂಗಳದಲ್ಲಿ ದಿನಗೂಲಿಗೆ ಶೀಟು ಕೊಯ್ಯುವ ಹುಡುಗ ಯಾವ ಪುಸ್ತಕದಲ್ಲಿದ್ದಾನೆ?

ಕಾರ್ಮಿಕ ಸಚಿವರಿಗೆ ಇಲ್ಲೊಂದು ವಿಷಯ ವಿಶೇಷವಾಗಿ ತಿಳಿಸಬೇಕು. ಜಪಾನಿನ ಬಡಗಿಗಳು, ಗಾರೆಯವರು, ವಿದ್ಯುತ್ ಕೆಲಸದವರು ಬೇರೆ ಬೇರೆ ಊರುಗಳಲ್ಲಿ ಹೂಡಿದ್ದ ದಾವೆಗಳಲ್ಲಿ 2021ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಸರ್ಕಾರವೂ ಹೊಣೆ, ಸಾಮಗ್ರಿ ತಯಾರಿಸಿದ ಕಂಪನಿಗಳೂ ಹೊಣೆ ಎಂದಿತು. ಯಾರ ಕೈಕೆಳಗೂ ಇರದೆ ತಾವೇ ಗುತ್ತಿಗೆ ಹಿಡಿದು ಒಬ್ಬಂಟಿಯಾಗಿ ದುಡಿಯುವ ಮೇಸ್ತ್ರಿಗಳು ಕಾನೂನಿನ ಪ್ರಕಾರ "ಕಾರ್ಮಿಕ"ರೇ ಅಲ್ಲ ಎಂದು ಸರ್ಕಾರ ವಾದಿಸಿತ್ತು. ಕೋರ್ಟ್ ಒಪ್ಪಲಿಲ್ಲ. ಒಂದೇ ಸೂರಿನಡಿ ಒಂದೇ ಧೂಳು ಕುಡಿದವರ ನಡುವೆ ಆ ಭೇದ ಸಲ್ಲದು ಎಂದಿತು. ಮರುತಿಂಗಳೇ ಹೊಸ ಕಾನೂನು ಅಂಗೀಕಾರವಾಗಿ, ರೋಗದ ತೀವ್ರತೆ ನೋಡಿ 55 ಲಕ್ಷದಿಂದ 130 ಲಕ್ಷ ಯೆನ್‌ವರೆಗೆ ಕೊಡುವ ಏರ್ಪಾಡಾಯಿತು. ನಮ್ಮ ಮೇಸ್ತ್ರಿಗಳು, ಶೀಟು ಹಾಕುವವರು, ವೆಲ್ಡಿಂಗ್ ಹುಡುಗರು ಬಹುಪಾಲು ಇಂಥವರೇ. ಇವರಿಗಾಗಿಯೇ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ, ಕಾಮಗಾರಿಯ ಮೇಲೆ ಶೇಕಡ 1ರ ಸೆಸ್ ಅದಕ್ಕೆ ಬರುತ್ತದೆ. ಲೇಬರ್ ಕಾರ್ಡ್ ಇರುವವರಲ್ಲಿ ಶೀಟು ಕೆಲಸ ಮಾಡುವವರು ಯಾರು ಎಂದು ಕೇಳಿ ಬರೆದುಕೊಳ್ಳಲು ಒಂದು ಕಾಲಂ ಸಾಕು. ಅವರ ಎದೆಯ ಎಕ್ಸ್‌ರೇ ಕಾಲಕಾಲಕ್ಕೆ ತೆಗೆಸಿ, ಆ ದಾಖಲೆಯನ್ನು 40 ವರ್ಷ ಕಾಪಾಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ಬಂದವರನ್ನು, ನೀವು ಹಿಂದೆ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳುವ ಪದ್ಧತಿ ಬರಲಿ. ಆರೋಗ್ಯ ಇಲಾಖೆಗೆ ತಾವೇ ಒಂದು ಪತ್ರ ಬರೆದರೆ ಆದೀತು. ಕೇಳದಿದ್ದರೆ ರೋಗಿಗಳೇ ಇಲ್ಲ ಎನ್ನುವುದು ಸುಲಭ. ಮೈನಿಚಿ ಪತ್ರಿಕೆಯಲ್ಲಿ ಸುದ್ದಿ ಬರುವ ಮೊದಲು ಅಮಗಸಾಕಿಯಲ್ಲೂ ನಿವಾಸಿ ರೋಗಿಗಳು "ಇರಲಿಲ್ಲ".

ಶಿಕ್ಷಣ ಸಚಿವರಲ್ಲಿ ನನ್ನ ಕೋರಿಕೆ ಇನ್ನೂ ಸರಳ. ಶಾಲೆಗಳ ದುರಸ್ತಿಗೆ ಅಂದಾಜುಪಟ್ಟಿ ಮಾಡುವಾಗ, ಟೆಂಡರ್ ಕರೆಯುವಾಗ, ಮಾಡಿಗೆ ಹಾಕುವ ಶೀಟು ಕಲ್ನಾರು ಇಲ್ಲದ್ದೇ ಆಗಿರಬೇಕು ಎಂಬ ಒಂದು ಸಾಲು ಸೇರಲಿ. ಸಿಮೆಂಟಿಗೆ ಬಲ ಕೊಡಲು ಕಲ್ನಾರೇ ಬೇಕೆಂದಿಲ್ಲ. ಮರದ ತಿರುಳಿನ ನಾರು, ಪಿವಿಎ ಎಂಬ ಕೃತಕ ನಾರು ಆ ಕೆಲಸ ಮಾಡುತ್ತವೆ. ಈ ಪಿವಿಎ ನಾರನ್ನು 1939ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಕಂಡುಹಿಡಿದದ್ದು ಎಂಬುದು ಈ ಕಥೆಯ ಇನ್ನೊಂದು ಮುಖ: ಬದಲಿ ಕೈಯಲ್ಲಿದ್ದೂ ಜಪಾನ್ ದಶಕಗಟ್ಟಲೆ ಕಲ್ನಾರು ತರಿಸುತ್ತಿತ್ತು. ಕಲ್ನಾರಿಲ್ಲದ ಶೀಟು ಭಾರತದಲ್ಲೂ ತಯಾರಾಗುತ್ತದೆ. ಬೆಲೆ ಹೆಚ್ಚು, ನಿಜ. ಆ ವ್ಯತ್ಯಾಸದ ಹಣವನ್ನು ಮುಖ್ಯೋಪಾಧ್ಯಾಯರ, ಎಸ್‌ಡಿಎಂಸಿಯವರ ತಲೆಗೆ ಕಟ್ಟದೆ ಸರ್ಕಾರ ಕೊಡಬೇಕು.

ಈಗಾಗಲೇ ಶೀಟು ಇರುವ ಶಾಲೆಗಳ ವಿಚಾರದಲ್ಲಿ ದಯವಿಟ್ಟು ಅವಸರ ಬೇಡ. 1987ರಲ್ಲಿ ಜಪಾನಿನ ಶಾಲೆಗಳ ಒಳಮಾಡಿಗೆ ಸಿಂಪಡಿಸಿದ್ದ ಕಲ್ನಾರಿನ ಬಗ್ಗೆ ತಂದೆತಾಯಿಗಳು ಗಾಬರಿಯಾದರು, ಪತ್ರಿಕೆಗಳು ಬರೆದವು, ತರಾತುರಿಯಲ್ಲಿ ಕೀಳುವ ಕೆಲಸ ನಡೆಯಿತು. ಆಗ ಪಟ್ಟಿಯಿಂದ ತಪ್ಪಿಸಿಕೊಂಡದ್ದೆಷ್ಟೋ. 2005ರಲ್ಲಿ ಮತ್ತೆ ಮೊದಲಿನಿಂದ ಶಾಲೆ ಶಾಲೆಗೆ ಹೋಗಿ ನೋಡಬೇಕಾಯಿತು. ಮೊದಲು ಎಲ್ಲೆಲ್ಲಿದೆ ಎಂಬ ಪಟ್ಟಿಯಾಗಲಿ. ಗಟ್ಟಿಯಿರುವುದನ್ನು ಮುಟ್ಟದೆ ಬಣ್ಣ ಬಳಿದು ಬಿಡಬಹುದು. ಒಡೆದದ್ದನ್ನು ತೆಗೆಯುವಾಗ ರಜೆಯಲ್ಲಿ, ನೀರು ಸಿಂಪಡಿಸಿ, ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಗಿಸಬೇಕು. ಕೆಲಸದವರಿಗೆ ಟವೆಲ್ಲಲ್ಲ, ಸೂಕ್ಷ್ಮ ಧೂಳು ತಡೆಯುವ ಸರಿಯಾದ ಮಾಸ್ಕ್ ಬೇಕು. ಗುಡಿಸುವುದು ಬೇಡ, ಒದ್ದೆ ಬಟ್ಟೆಯಿಂದ ಒರೆಸಲಿ. ಒಡೆದ ಚೂರನ್ನು ದಾರಿಗೆ ಹಾಸುವುದು, ಕೋಳಿಗೂಡಿಗೆ, ಬಚ್ಚಲುಮನೆಯ ಮರೆಗೆ ಒಯ್ಯುವುದು ನಿಲ್ಲಬೇಕಾದರೆ ಅದನ್ನು ಎಲ್ಲಿ ಹಾಕಬೇಕೆಂದು ಪಂಚಾಯಿತಿಗೆ ಹೇಳಬೇಕಾದವರೂ ಸರ್ಕಾರವೇ. ಕೊಟ್ಟಿಗೆಗೆ, ಮನೆಗೆ ಸಾಲ ಮಾಡಿ ಶೀಟು ಹಾಕಿಕೊಂಡ ಬಡವರ ಮೇಲೆ ಮಾತ್ರ ಯಾವ ದಂಡದ ನಿಯಮವೂ ಬರಬಾರದು. ಅವರು ಅಂಗಡಿಯಲ್ಲಿ ರಾಜಾರೋಷವಾಗಿ ಮಾರುವುದನ್ನು ಕೊಂಡವರು.

ಕೇಂದ್ರದ ನೀತಿ ರಾಜ್ಯದ ಕೈಯಲ್ಲಿಲ್ಲ, ಒಪ್ಪುತ್ತೇನೆ. ಹೊಸ ಕಲ್ನಾರು ಗಣಿಗೆ ಗುತ್ತಿಗೆ ಕೊಡುವುದನ್ನು 1980ರ ದಶಕದಲ್ಲೇ ನಿಲ್ಲಿಸಿದ ದೇಶ ಇಂದಿಗೂ ಹೊರಗಿನಿಂದ, ಮುಖ್ಯವಾಗಿ ರಷ್ಯಾದಿಂದ, ಹಡಗುಗಟ್ಟಲೆ ತರಿಸುತ್ತಿದೆ. ನಮ್ಮ ಗಣಿಗೆ ಬೇಡವಾದದ್ದು ನಮ್ಮ ಶಾಲೆಗೆ ಹೇಗೆ ಬೇಕಾಯಿತೋ ತಿಳಿಯದು. ಅಪಾಯಕಾರಿ ರಾಸಾಯನಿಕಗಳ ವ್ಯಾಪಾರದ ಮೇಲಿನ ರೋಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಬಿಳಿ ಕಲ್ನಾರು ಸೇರಿಸಲು 2011ರಲ್ಲಿ ಭಾರತ ಒಪ್ಪಿ, ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿ, 2013ರಲ್ಲಿ ಮತ್ತೆ ವಿರೋಧಿಸಿತು. ಆ ಪಟ್ಟಿಗೆ ಸೇರಿದರೆ ನಿಷೇಧವೇನೂ ಆಗುವುದಿಲ್ಲ. ಕಳಿಸುವ ದೇಶ ಅಪಾಯವನ್ನು ಮೊದಲೇ ತಿಳಿಸಿ, ತರಿಸುವ ದೇಶದ ಒಪ್ಪಿಗೆ ಪಡೆಯಬೇಕು, ಅಷ್ಟೇ. ಅಷ್ಟಕ್ಕೂ ಅಡ್ಡಗಾಲು. ರಾಜ್ಯ ಸಚಿವ ಸಂಪುಟ ಈ ಬಗ್ಗೆ ಕೇಂದ್ರಕ್ಕೆ ತನ್ನ ಅಭಿಪ್ರಾಯ ಬರೆಯಬಹುದು. ಪ್ರತಿ ಶೀಟಿನ ಮೇಲೆ ಕನ್ನಡದಲ್ಲಿ, ಚಿತ್ರದ ಸಮೇತ ಎಚ್ಚರಿಕೆ ಇರಬೇಕೆಂದು ಒತ್ತಾಯಿಸಬಹುದು.

ಜಪಾನಿನಲ್ಲಿ ಇಂಥ ಪತ್ರಗಳಿಗೆ ಹಳೆಯ ಇತಿಹಾಸವಿದೆ. ಅಶಿಯೊ ತಾಮ್ರದ ಗಣಿಯ ವಿಷ ವತರಸೆ ನದಿಗೆ ಸೇರಿ ರೈತರ ಗದ್ದೆಗಳು ಹಾಳಾದಾಗ, ಅವರ ಪ್ರತಿನಿಧಿಯಾಗಿದ್ದ ತನಾಕಾ ಶೋಜೊ ಸಂಸತ್ತಿನಲ್ಲಿ ವರ್ಷಗಟ್ಟಲೆ ಪ್ರಶ್ನೆ ಎತ್ತಿ, ಉತ್ತರ ಸಿಗದೆ ರಾಜೀನಾಮೆ ಕೊಟ್ಟು, 1901ರ ಡಿಸೆಂಬರ್ 10ರಂದು ಅರ್ಜಿ ಹಿಡಿದು ಚಕ್ರವರ್ತಿಯ ಸಾರೋಟಿನತ್ತ ಓಡಿದರು. ಪೊಲೀಸರು ಹಿಡಿದರು. ಹುಚ್ಚನೆಂದು ಹೇಳಿ ಬಿಟ್ಟುಬಿಟ್ಟರು. ನನ್ನದು ಅಂಥ ಸಾಹಸವೇನಲ್ಲ. ಕೂತಲ್ಲೇ ಕೂತು ಬರೆದದ್ದು. ತಮ್ಮಿಂದ ಬೇಕಿರುವುದೂ ಒಂದು ಸುತ್ತೋಲೆ, ಒಂದು ಕಾಲಂ, ಮತ್ತು ಈ ಪತ್ರಕ್ಕೆ ಸಾರ್ವಜನಿಕವಾಗಿ ಒಂದು ಉತ್ತರ. ಬೇಸಿಗೆ ರಜೆಯ ದುರಸ್ತಿಗೆ ಅಂದಾಜುಪಟ್ಟಿಗಳು ತಯಾರಾಗುವುದು ಮಾರ್ಚಿಗೆ ಮೊದಲು. ಸುತ್ತೋಲೆ ಅದಕ್ಕಿಂತ ಮುಂಚೆ ಹೊರಡಬೇಕೆಂದು ಕೇಳಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಕನ್ನಡಿಗ
ಈಗ: ಹ್ಯೋಗೊ ಪ್ರಾಂತ್ಯ, ಜಪಾನ್